ಓಮಾಹಾ: 20 ಔಟ್ ಇದ್ದರೆ ನಿಜವಾದ ಈಕ್ವಿಟಿ (ಗೆಲುವಿನ ಸರಾಸರಿ ಪಾಲು) ಎಷ್ಟು?

ರೋಬಸ್ಟಾ (ಗೋಣಿಕೊಪ್ಪ): ಪಾಟ್ ಲಿಮಿಟ್ ಓಮಾಹಾ (ಕೈಯ ನಾಲ್ಕೆಲೆಯಲ್ಲಿ ಎರಡು, ಮೇಜಿನ ಐದರಲ್ಲಿ ಮೂರು ಸೇರಿಸೋ ಪೋಕರ್; ಬೆಟ್ ಹೆಚ್ಚೆಂದರೆ ಪಾಟ್‌ನಷ್ಟು, ಅಂದ್ರೆ ನಡುವೆ ಕೂಡಿದ ಟೋಕನ್‌ನಷ್ಟು), ಕಾಸಿಲ್ಲದ ಟೋಕನ್ ಆಟ. ಕೈಯಲ್ಲಿ ಗುಲಾಮ-10-7-6. ಫ್ಲಾಪ್ (ಮೇಜಿನ ಮೊದಲ ಮೂರು ಎಲೆ) 9-8-2, ಮೂರೂ ಬೇರೆ ಬೇರೆ ಜಾತಿ. ರಾಣಿ ನಾಲ್ಕು, 5ರ ಎಲೆ ನಾಲ್ಕು, ಗುಲಾಮ, 10, 7, 6 ತಲಾ ಮೂರು: ಸ್ಟ್ರೇಟ್ (ಸಾಲಾಗಿ ಐದು ಎಲೆ) ಕೂಡಿಸೋ ಎಲೆ, ಅಂದ್ರೆ ಔಟ್, ಒಟ್ಟು 20. ಇನ್ನೆರಡು ಎಲೆ ಬರೋದಿರುವಾಗ ರೂಢಿಯ ಬಾಯಿಲೆಕ್ಕದಂತೆ ನಾಲ್ಕರಿಂದ ಗುಣಿಸಿದರೆ ಶೇ. 80. ಎದುರಾಳಿಯ ಎಲೆ ಗೊತ್ತಿಲ್ಲದಿದ್ದರೂ ಪೂರ್ತಿ ಪಾಟ್ ಹಾಕಬಹುದು ಅಂತ ನನ್ನ ವಾದ.

ಏಲಕ್ಕಿ (ಸೋಮವಾರಪೇಟೆ): ಅಣ್ಣ, ಔಟ್ ಹೆಚ್ಚಾದಷ್ಟೂ ಆ ಗುಣಾಕಾರ ಉಬ್ಬುತ್ತೆ. ಕಾಣದ ಎಲೆ 45. ಟರ್ನ್ (ಮೇಜಿನ ನಾಲ್ಕನೇ ಎಲೆ), ರಿವರ್ (ಐದನೆಯದು) ಎರಡರಲ್ಲೂ ತಪ್ಪೋದು 25/45 × 24/44, ಅಂದ್ರೆ ಶೇ. 30.3. ಸ್ಟ್ರೇಟ್ ಕೂಡೋದು ಶೇ. 69.7. ಬಾಯಿಲೆಕ್ಕ ಬೇಕಿದ್ದರೆ ಔಟ್ 8ಕ್ಕಿಂತ ಎಷ್ಟು ಹೆಚ್ಚೋ ಅಷ್ಟನ್ನ 80ರಿಂದ ಕಳೀರಿ. 12 ಹೋದರೆ 68.

ಹಾರಂಗಿ: ಆ 69.7 ಸ್ಟ್ರೇಟ್ ಬರೋ ಸಾಧ್ಯತೆ, ಗೆಲ್ಲೋದಲ್ಲ. ಹಣ್ಣಿನ ತೂಕವನ್ನೇ ಕ್ಲೀನ್ ಕಾಫಿಯ ತೂಕ ಅಂದ ಹಾಗಾಯ್ತು. ಎದುರಿಗೆ 9-9-ಎಕ್ಕ-ರಾಜ ಇಡಿ, ಫ್ಲಾಪ್‌ನ 9 ಸೇರಿ ಸೆಟ್ (ಮೂರು 9); ಫ್ಲಶ್ (ಒಂದೇ ಜಾತಿಯ ಐದು ಎಲೆ) ಸದ್ಯಕ್ಕೆ ಬಿಡಿ. ಟರ್ನ್‌ನಲ್ಲಿ 9, 8, 2 ಯಾವುದು ಬಂದರೂ ಅವರಿಗೆ ಸ್ಟ್ರೇಟ್ ಮೀರಿದ ಫುಲ್ ಹೌಸ್ (ಒಂದೇ ಅಂಕಿಯ ಮೂರು, ಜೊತೆಗೊಂದು ಜೋಡಿ) ಅಥವಾ ನಾಲ್ಕು 9, ಮುಗೀತು. ರಾಣಿ ಬಂದು ಸ್ಟ್ರೇಟ್ ಆಯ್ತು ಅನ್ನಿ, ಇಬ್ಬರ ಕೈಯೂ ಬಿಟ್ಟು ಉಳಿದ 40 ಎಲೆಯಲ್ಲಿ ಹತ್ತು ಎಲೆ ಬೋರ್ಡನ್ನ (ಮೇಜಿನ ಎಲೆಗಳನ್ನ) ಜೋಡಿ ಮಾಡುತ್ತೆ. ನಾಲ್ಕರಲ್ಲಿ ಒಂದು ಸಲ ರಿವರ್‌ನಲ್ಲಿ ಸೋಲು. ಎಲ್ಲ ಸೇರಿಸಿದರೆ ನಿಮ್ಮ ಪಾಲು ಸುಮಾರು ಶೇ. 54. ಅದೇ ಎದುರಿಗೆ ಎಕ್ಕ-ಎಕ್ಕ-ರಾಜ-4 ಇದ್ದರೆ 74.

ರೋಬಸ್ಟಾ: ಎದುರಾಳಿ ಕೈ ಗೊತ್ತಿಲ್ವಲ್ಲ! ಕ್ಯಾಲ್ಕುಲೇಟರ್‌ಗೆ ರ‍್ಯಾಂಡಮ್ ಕೈ ಕೊಟ್ಟರೆ ಸಾಲದೇ?

ಹಾರಂಗಿ: ಸಾಲದು. ನಾಲ್ಕೆಲೆ ಕೈಗಳು ಒಟ್ಟು 2,70,725. ಎಲ್ಲವೂ ಸಮ ಅನ್ನೋದು ಎಲೆ ಹಂಚಿದ ಕ್ಷಣಕ್ಕೆ ಸರಿ. ಈ ಫ್ಲಾಪ್ ನೋಡಿ ಪಾಟ್ ರೇಸ್ ಮಾಡಿದವರ (ಬೆಟ್ಟನ್ನ ಪಾಟ್‌ನಷ್ಟು ಏರಿಸಿದವರ) ಕೈಯಲ್ಲಿ ಕಸ ಇರೋದು ಅಪರೂಪ. ಎರಡು ಮೂರು ಗುಂಪು ಮಾಡಿ ತೂಕ ಕೊಡಿ. ಸೆಟ್‌ಗೆ 70 ಪಾಲು, ಒಣ ಎಕ್ಕಗಳಿಗೆ (ಬೇರೇನೂ ಕೂಡದ ಎಕ್ಕದ ಜೋಡಿಗೆ) 30 ಅಂದ್ರೆ 0.7 × 54 + 0.3 × 74 = 60. ಆ ತೂಕ ಊಹೆಯೇ, ಆದರೆ ಅದನ್ನ 50-50 ಮಾಡಿದರೂ ಉತ್ತರ 64ಕ್ಕೆ ಮಾತ್ರ ಏರುತ್ತೆ. ನಿಮ್ಮ 80 ಎಲ್ಲೂ ಬರಲ್ಲ.

ಕಕ್ಕಬ್ಬೆ: ಒಬ್ಬರೇ ಎದುರಿದ್ದಾಗ ಇದು ಸರಿ. ಮೂರು ಜನ ಕಾಲ್ ಮಾಡಿದರೆ (ಬೆಟ್‌ಗೆ ಸಮ ಟೋಕನ್ ಹಾಕಿದರೆ) ನಾನು 20 ಎಣಿಸಲ್ಲ. ಗುಲಾಮ ಬಿದ್ದರೆ ರಾಣಿ-10 ಇದ್ದವರು ಮೇಲೆ, 10 ಬಿದ್ದರೆ ರಾಣಿ-ಗುಲಾಮ ಇದ್ದವರು ಮೇಲೆ. ಆ ಆರು ಎಲೆ ಹೋಗಿ ನಟ್ ಔಟ್ (ಆ ಕ್ಷಣಕ್ಕೆ ಯಾರೂ ಮೀರಲಾಗದ ಸ್ಟ್ರೇಟ್ ಕೊಡೋ ಎಲೆ) 14. ಇಂಥ ಫ್ಲಾಪ್‌ಗೆ ಅಂಟಿಕೊಳ್ಳೋರ ಕೈಯಲ್ಲಿ ನಡುವಿನ ಎಲೆಗಳೇ ಜಾಸ್ತಿ, ಆ 14ರಲ್ಲೂ ಕೆಲವು ಅವರ ಹತ್ತಿರವೇ ಇರುತ್ತೆ.

ಏಲಕ್ಕಿ: ಟರ್ನ್ ಒಂದಕ್ಕೇ ನೋಡಿದರೆ 14/45 ಶೇ. 31.1. ಪಾಟ್ ಬೆಟ್ ಕಾಲ್ ಮಾಡೋಕೆ 33.3 ಬೇಕು. ಆದರೂ ಅಕ್ಕ, ಇಷ್ಟು ಕಡಿಮೆ ಅಂತರಕ್ಕೆ ಫೋಲ್ಡ್ ಮಾಡಬೇಕಾ? ಸ್ಟ್ರೇಟ್ ಕೂಡಿದ ಮೇಲೆ ಬರೋ ಟೋಕನ್ ಆ 2.2ನ್ನ ತುಂಬುತ್ತೆ.

ಕಕ್ಕಬ್ಬೆ: ಹಿಂದೆ ಸ್ಟ್ಯಾಕ್ (ಇನ್ನೂ ಹಾಕದ ಟೋಕನ್) ಉಳಿದಿದ್ದು, ನೀವು ಕೊನೆಗೆ ಮಾತಾಡೋ ಸ್ಥಾನದಲ್ಲಿದ್ದರೆ ತುಂಬುತ್ತೆ. ಮೊದಲು ಮಾತಾಡಬೇಕಾದರೆ, ಟರ್ನ್ ಖಾಲಿ ಹೋದಾಗ ಮತ್ತೊಂದು ಪಾಟ್ ಬೆಟ್ ಎದುರಿಸಬೇಕು. ಆಗ ರಿವರ್ ನೋಡದೇ ಕೈ ಬಿಡೋ ಸಂದರ್ಭ ಜಾಸ್ತಿ, 69.7ರಲ್ಲಿ 25ರಷ್ಟರವರೆಗೂ ಅಲ್ಲೇ ಸೋರುತ್ತೆ. ಒಬ್ಬರೇ ಎದುರಿದ್ದು ಫ್ಲಾಪ್‌ನಲ್ಲೇ ಎಲ್ಲ ಟೋಕನ್ ಒಳಗೆ ಹೋಗೋ ಹಾಗಿದ್ದರೆ ಮಾತ್ರ ರೋಬಸ್ಟಾ ಅಣ್ಣ ಹೇಳಿದಂತೆ ಪಾಟ್ ಹಾಕಿ, ಸೆಟ್ ಎದುರೂ 54 ಇದೆ.