ಬಿಟ್ಟುಹೋದವರು ಮತ್ತೆ ಬರಬಹುದಾ?

ಪ್ರಶ್ನೆ: ವಂದನೆ ಪಾಸ್ಟರ್. ನಾನು ಸಭೆಗೆ ಹೋಗದೆ ವರ್ಷಗಳೇ ಆದವು. ಯೇಸುವನ್ನು ನಂಬಲ್ಲ ಅಂತ ಗೆಳತಿಯರ ಮುಂದೆ ಬಾಯಿಬಿಟ್ಟು ಹೇಳಿಯೂ ಇದ್ದೇನೆ. ಈಗ ಮರಳಿ ಬರಬೇಕು ಅನ್ನಿಸುತ್ತಿದೆ. ಆದರೆ ಬಿದ್ದುಹೋದವರನ್ನು ತಿರುಗಿ ಮಾನಸಾಂತರಕ್ಕೆ ತರುವುದು ಅಸಾಧ್ಯ ಅಂತ ಬೈಬಲಿನ ಇಬ್ರಿಯ 6ರಲ್ಲಿ ಇದೆ, ಅಲ್ವಾ? ನನಗಿನ್ನು ದಾರಿ ಇಲ್ಲವಾ?

ಉತ್ತರ: ಇದೆ ಸಹೋದರಿ. ಆ ವಚನ ಕಠಿಣವಾದದ್ದೇ, ಸುಮ್ನೆ ತೇಲಿಸಿ ಹೇಳುವುದಿಲ್ಲ. ಅಂಥವರು ಮೊದಲೇ ನಿಜ ವಿಶ್ವಾಸಿಗಳಾಗಿರಲಿಲ್ಲ ಅಂತ ದೇವಶಾಸ್ತ್ರಜ್ಞ ಕ್ಯಾಲ್ವಿನ್ ಹಾದಿಯವರು ಹೇಳುತ್ತಾರೆ. ನಿಜ ವಿಶ್ವಾಸಿಯೂ ಬೀಳಬಹುದು ಅಂತ ಬೋಧಕ ವೆಸ್ಲಿ ಹಾದಿಯವರು. ನನ್ನ ಓದಿನಲ್ಲಿ ಅದು ಕ್ರಿಸ್ತನನ್ನು ಬಿಟ್ಟು ಹೊರಟವರನ್ನು ತಡೆಯುವ ಎಚ್ಚರಿಕೆ. ಮರಳಲು ಹಂಬಲಿಸುವವರನ್ನು ಅಟ್ಟುವ ಮಾತಲ್ಲ. ಮನಸ್ಸು ಕಲ್ಲಾಗಿದ್ದರೆ ನಿಮಗೆ ಈ ಕಳವಳವೇ ಇರುತ್ತಿರಲಿಲ್ಲ.

ಯೇಸುವಿನ ಶಿಷ್ಯ ಪೇತ್ರನನ್ನು ನೋಡಿ. ಯೇಸುವನ್ನು ಬಂಧಿಸಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿ ಕಾಯಿಸುತ್ತಾ ನಿಂತಿದ್ದ. ಯೇಸುವನ್ನು ಅರಿಯೆನು ಅಂತ ಮೂರು ಸಲ ಹೇಳಿದ. ಪುನರುತ್ಥಾನದ ನಂತರ, ಯೋಹಾನ 21ರಲ್ಲಿ, ಸರೋವರದ ದಡದಲ್ಲಿ ಮತ್ತೆ ಇದ್ದಲಿನ ಬೆಂಕಿ, ಮೇಲೆ ಮೀನು. ಈ ಸಲ ಬೆಂಕಿ ಹಾಕಿದವನು ಯೇಸು. ಮೊದಲು ಊಟ ಮಾಡಿಸಿದ. ಆಮೇಲೆ ಕೇಳಿದ: ನನ್ನನ್ನು ಪ್ರೀತಿಸುತ್ತೀಯಾ? ಅದೂ ಮೂರು ಸಲ. ಪೇತ್ರನಿಗೆ ನೋವಾಯಿತು. ಆದರೂ ಯೇಸು ಆ ವಿಷಯ ಮುಚ್ಚಿಹಾಕಲಿಲ್ಲ, ಹಂಗಿಸಲೂ ಇಲ್ಲ. ಕುರಿಗಳನ್ನು ಮೇಯಿಸುವ ಕೆಲಸವನ್ನೇ ಅವನ ಕೈಗೆ ಕೊಟ್ಟ. ನನಗೆ ಬೈಬಲಿನಲ್ಲಿ ಇದಕ್ಕಿಂತ ಹತ್ತಿರವಾದ ಅಧ್ಯಾಯ ಕಡಿಮೆ.

ಪ್ರಶ್ನೆ: ಹಾಗಾದರೆ ಮತ್ತೆ ದೀಕ್ಷಾಸ್ನಾನ ತೆಗೆದುಕೊಳ್ಳಬೇಕಾ? ಸಭೆಯವರು ಒಪ್ಪುತ್ತಾರಾ?

ಉತ್ತರ: ದೀಕ್ಷಾಸ್ನಾನ ಒಂದೇ ಅನ್ನುವುದು ಹೆಚ್ಚಿನ ಸಭೆಗಳ ನಿಲುವು. ನನ್ನದೂ ಅದೇ.

ಒಪ್ಪುವ ಪ್ರಶ್ನೆ ಹಳೆಯದು. ಕ್ರಿ.ಶ. 250ರಲ್ಲಿ ರೋಮನ್ ಚಕ್ರವರ್ತಿ ಡೆಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕು ಅಂತ ಆಜ್ಞೆ ಹೊರಡಿಸಿದಾಗ ಎಷ್ಟೋ ಕ್ರೈಸ್ತರು ಹೆದರಿ ಅರ್ಪಿಸಿದರು. ಕೆಲವರು ಅರ್ಪಿಸದೆಯೇ ದುಡ್ಡು ಕೊಟ್ಟು, ಅರ್ಪಿಸಿದ್ದೇವೆ ಅಂತ ಪ್ರಮಾಣಪತ್ರ ಮಾಡಿಸಿಕೊಂಡರು. ಹಿಂಸೆ ತಣ್ಣಗಾದ ಮೇಲೆ ಇವರೆಲ್ಲ ಸಭೆಯ ಬಾಗಿಲಿಗೆ ಬಂದರು. ಅಂಥವರನ್ನು ಸೇರಿಸಲೇಬಾರದು ಅಂದ ರೋಮಿನ ಪಾದ್ರಿ ನೊವೇಷಿಯನ್. ಪಶ್ಚಾತ್ತಾಪಪಟ್ಟವರಿಗೆ ದಾರಿ ಇರಬೇಕು ಅಂದ ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್. ಮರಳಿ ಸೇರುವುದಕ್ಕೆ ಕಾಲಾವಧಿ, ಶಿಸ್ತು ಎಲ್ಲಾ ಇತ್ತು, ಆದರೆ ಸಭೆ ಸಿಪ್ರಿಯನ್ ಕಡೆಗೇ ನಿಂತಿತು.

ಗಲಾತ್ಯ 6:1 ಓದಿ. ತಪ್ಪಿದವರನ್ನು ಸೌಮ್ಯವಾಗಿ ಸರಿದಾರಿಗೆ ತರುವ ಹೊಣೆ ಸಭೆಯವರ ಮೇಲೇ ಇದೆ. ಮೊದಲು ನಿಮ್ಮ ಪಾಸ್ಟರ್ ಜೊತೆ ಮಾತಾಡಿ, ಆಗಿದ್ದನ್ನು ಆಗಿದ್ದ ಹಾಗೇ ಹೇಳಿ. ಎಲ್ಲರ ಮುಂದೆ ಸಾಕ್ಷಿ ಹೇಳಿ ಅಂತ ಯಾರಾದರೂ ಒತ್ತಾಯ ಮಾಡಿದರೆ, ಈಗ ಬೇಡ ಅನ್ನಿ. ಪ್ರಾರ್ಥನೆಗೆ ಮಾತ್ರ ಭಾನುವಾರದವರೆಗೂ ಕಾಯಬೇಡಿ, ಇವತ್ತೇ ಶುರುಮಾಡಿ.