ಅಪ್‌ಡೇಟ್: ಕ್ವಿಲ್ಟಿಂಗ್‌ನಲ್ಲಿ ಕೆಳಗಡೆ ದಾರದ ಕುಣಿಕೆ ಬೀಳುತ್ತಿದ್ದದ್ದು

ಫ್ರೀ ಮೋಷನ್ ಕ್ವಿಲ್ಟಿಂಗ್ (ಬಟ್ಟೆಯ ಪದರಗಳನ್ನು ಕೈಯಿಂದಲೇ ಬೇಕಾದ ಕಡೆ ಸರಿಸುತ್ತಾ ಮಷೀನಿನಲ್ಲಿ ಸೇರಿಸಿ ಹೊಲಿಯುವುದು) ಮಾಡುವಾಗ ತಿರುವುಗಳಲ್ಲಿ ಬಟ್ಟೆಯ ಕೆಳಗೆ ದಾರ ಕುಣಿಕೆಯಾಗಿ ನಿಲ್ಲುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಈಗ ಸರಿಹೋಗಿದೆ! ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಮುಖ್ಯವಾದದ್ದು ಕೈಯ ವೇಗ. ಮಷೀನಿನಲ್ಲಿ ಸೂಜಿಯ ಕೆಳಗಿರುವ, ಬಟ್ಟೆ ಎಳೆಯುವ ಹಲ್ಲು ಇಳಿಸಿದ ಮೇಲೆ ಹೊಲಿಗೆಯ ಉದ್ದ ಪೂರ್ತಿ ನಮ್ಮ ಕೈಯಲ್ಲೇ ಅಲ್ವಾ? ತಿರುವು ಬಂದಾಗ ಕೈ ತಾನಾಗಿ ಜೋರಾಗುತ್ತದೆ, ಕುಣಿಕೆ ಬೀಳುವುದು ಅಲ್ಲೇ. ಈಗ ಪೆಡಲ್ ಒಂದೇ ಸಮ ಒತ್ತಿ, ತಿರುವಿನಲ್ಲಿ ಕೈ ನಿಧಾನ ಮಾಡುತ್ತೇನೆ. ಮೇಲಿನ ದಾರದ ಟೆನ್ಷನ್ ಸ್ವಲ್ಪ ಬಿಗಿ ಮಾಡಿ, 14 ನಂಬರಿನ ಹೊಸ ಸೂಜಿ ಹಾಕಿದೆ.

ಅಭ್ಯಾಸಕ್ಕೆ ದೊಡ್ಡ ಬಟ್ಟೆ ಬೇಡವೇ ಬೇಡ. ಹಳೆ ಕಾಟನ್ ಸೀರೆಯ ತುಂಡುಗಳನ್ನು ಜೋಡಿಸಿ ಬಿಸಿ ಪಾತ್ರೆ ಇಡುವ ಮ್ಯಾಟ್ ಹೊಲಿದೆ. ಒಳಗಿರುವುದು ಹಳೆ ಕಾಟನ್ ಟವೆಲ್. ಪಾಲಿಯೆಸ್ಟರ್ ವ್ಯಾಡಿಂಗ್ (ಒಳಗೆ ಹಾಕುವ ಮೆತ್ತನೆಯ ಪದರ) ಜಾಸ್ತಿ ಬಿಸಿಗೆ ಕರಗುತ್ತದೆ, ಇದಕ್ಕೆ ಹಾಕಲೇಬೇಡಿ. ನಾಲ್ಕು ಮೂಲೆಗೂ ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದಿಗೆ ಹಾಕುವ ಹಾಗೆ ಮಡಚಿದ ಪುಟ್ಟ ಬಟ್ಟೆಯ ಹೂ ಕೂರಿಸಿದ್ದೇನೆ. ಎಷ್ಟು ಚೆಂದ ಕಾಣುತ್ತದೆ ಗೊತ್ತಾ! ಅದನ್ನು ಮಾತ್ರ ಕೈಯಲ್ಲೇ ಹೊಲಿದೆ, ಅಷ್ಟು ಪದರಕ್ಕೆ ಮಷೀನ್ ಸರಿಬರುವುದಿಲ್ಲ.

ಮುಂದೆ ಒಂದು ಪೌಚ್ ಹೊಲಿಯಬೇಕು. ಜಿಪ್ ಮೊದಲು ಕೂರಿಸಬೇಕಾ, ಕ್ವಿಲ್ಟಿಂಗ್ ಮುಗಿಸಿದ ಮೇಲಾ? ಗೊತ್ತಿರುವವರು ಹೇಳಿ.