ಓದುಗರ ಸ್ಪಂದನ: ‘ಅಪ್ಪಗ ಹೆಂಗ ಹೇಳ್ಲಿ?’

ಗಂಗಾವತಿ ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬರ ಪತ್ರ ಕಳೆದ ಸಂಚಿಕೆಯಲ್ಲಿ ಪ್ರಕಟವಾಗಿತ್ತು. ಭೂವಿಜ್ಞಾನ ಓದುತ್ತ ಬಿ.ಎಸ್ಸಿ. ಕೊನೆಯ ವರ್ಷದಲ್ಲಿರುವ ಅವರಿಗೆ ಪುರಾತತ್ವದಲ್ಲಿ ಎಂ.ಎ. ಮಾಡುವ ಆಸೆ. ಕಿರಾಣಿ ಅಂಗಡಿ ನಡೆಸುವ ತಂದೆ ಬಿ.ಎಡ್. ಅರ್ಜಿ ತಂದು ದೇವರ ಗೂಡಿನಲ್ಲಿ ಇಟ್ಟಿದ್ದಾರಂತೆ. ಅವರು ಕೇಳಿದ್ದು ಒಂದೇ: ಅಪ್ಪನಿಗೆ ಹೇಗೆ ಹೇಳಲಿ? ಬಂದ ಪತ್ರಗಳಲ್ಲಿ ಹೆಚ್ಚಿನವು ‘ನೌಕರಿ ಸಿಗುತ್ತದೆಯೇ’ ಎಂಬ, ಅವರು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಿವೆ. ಅದೂ ಬೇಕಾದದ್ದೇ. — ಸಂ.

*

ಅಪ್ಪನ ಎದುರು ನಿಂತು ನಾಲ್ಕು ಮಾತಾಡಲು ಹೆದರುವವರು ಹದಿನೈದು ಅಡಿ ಗುಂಡಿಗೆ ಇಳಿದು ಕೆಲಸ ಮಾಡ್ತೀರಾ? ಪತ್ರಿಕೆಯಲ್ಲಿ ಬಂದ ಪತ್ರವನ್ನೇ ಅವರ ಕೈಗೆ ಕೊಡಿ. ಮುಗೀತು.
— ಓದುಗರು, ಬಾಗಲಕೋಟೆ

ಮಾತು ಖಾರವಾಗಿದೆ. ಆ ಪತ್ರ ಬರೆಯಲೂ ಧೈರ್ಯ ಬೇಕಿತ್ತು ಎಂದು ನಮ್ಮ ಅನಿಸಿಕೆ. — ಸಂ.

*

ದಾರಿ ಗೊತ್ತಿಲ್ಲದೆ ಹೆದರಿಕೆ ಜಾಸ್ತಿಯಾಗಿರಬಹುದು, ಅದಕ್ಕೇ ದಾರಿ ಬರೆಯುತ್ತಿದ್ದೇನೆ. ಎಂ.ಎ.ಗೆ ರಾಜ್ಯದೊಳಗೇ ಬೇಕೆಂದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಧಾರವಾಡ, ಮೈಸೂರು. ದೂರ ಕಳಿಸಿದರೆ ಪುಣೆಯ ಡೆಕ್ಕನ್ ಕಾಲೇಜು. ಪುರಾತತ್ವಜ್ಞ ಸಂಕಾಲಿಯಾ ಅವರು ಕಟ್ಟಿದ ವಿಭಾಗ, ಗುಂಡಿಯಲ್ಲಿ ಕೂರಿಸಿ ಪಾಠ ಹೇಳುವ ಪದ್ಧತಿ. ಎಂ.ಎ. ಆದಮೇಲೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯೇ ಗ್ರೇಟರ್ ನೋಯ್ಡಾದಲ್ಲಿ ನಡೆಸುವ ಎರಡು ವರ್ಷದ ಡಿಪ್ಲೊಮಾ ಇದೆ. ಸೀಟು ಬೆರಳೆಣಿಕೆ, ಪೈಪೋಟಿ ದೇಶದ್ದು. ಉಪನ್ಯಾಸಕರ ಅರ್ಹತೆಗೆ ನಡೆಸುವ ನೆಟ್ ಪರೀಕ್ಷೆಯಲ್ಲಿ ಪುರಾತತ್ವ ಪ್ರತ್ಯೇಕ ವಿಷಯವಾಗಿಯೇ ಇದೆ. ಅದರಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್, ಸಿಕ್ಕರೆ ಆ ಕಾಲದಲ್ಲಿ ಅಪ್ಪನ ಮುಂದೆ ಕೈಯೊಡ್ಡುವ ಪ್ರಸಂಗ ಬರಲ್ಲ. ಹಳಗನ್ನಡ, ಸಂಸ್ಕೃತ ರುಚಿಸಿದರೆ ಶಾಸನದ ಕಡೆ ನೋಡಿ. ಸರ್ವೇಕ್ಷಣೆಯ ಶಾಸನ ವಿಭಾಗದ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ.

ಕಹಿ ಮಾತೂ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಕೇಂದ್ರ ಸಂರಕ್ಷಿತ ಸ್ಮಾರಕಗಳೇ 500ಕ್ಕೂ ಹೆಚ್ಚು. ಅವುಗಳಿಗೆ ತಕ್ಕಷ್ಟು ಹುದ್ದೆ ಇಲ್ಲ. ಜಾಹೀರಾತು ಯಾವಾಗ ಬರುತ್ತೆ ಅಂತ ಕಾಯುತ್ತ ನನ್ನ ಜೊತೆಯವರು ಇಬ್ಬರು ಪಿಎಸ್‌ಐ ಆದರು.
— ಸಂಶೋಧನಾ ವಿದ್ಯಾರ್ಥಿ, ಪುಣೆ

ಮುಂದಿನ ಪತ್ರ ಉದ್ದವಿದೆ. ಕತ್ತರಿಸಲೆಂದು ಎರಡು ಸಲ ಕೂತು, ಎರಡು ಸಲವೂ ಪೆನ್ನು ಕೆಳಗಿಟ್ಟೆವು. — ಸಂ.

*

30 ವರ್ಷದ ಹಿಂದೆ ಈ ಪತ್ರ ನಾನು ಬರೆಯಬೇಕಿತ್ತು. ಬರೆಯಲಿಲ್ಲ, ಮನೆಯಲ್ಲಿ ಹೇಳದೆ ಹೋದೆ.

ಎಂ.ಎ. ಮುಗಿಸಿ ಒಂದು ಉತ್ಖನನದಲ್ಲಿ ದಿನಗೂಲಿ ಲೆಕ್ಕಕ್ಕೆ ಸೇರಿದೆ. ಯಾವ ಊರು, ಯಾರದು ಎಂಬುದು ಬೇಡ. ಹತ್ತು ಮೀಟರ್ ಚೌಕದ ಗುಂಡಿಗಳು, ನಡುವೆ ಒಂದು ಮೀಟರ್ ಮಣ್ಣಿನ ಕಟ್ಟೆ. ಮುಂಜಾನೆ ಆರಕ್ಕೆ ಇಳಿದರೆ ಬಿಸಿಲು ನೆತ್ತಿಗೆ ಬರುವ ತನಕ ಕರಣಿ, ಬ್ರಷ್ಷು. ಮಧ್ಯಾಹ್ನ ತೊಳೆದ ಮಡಕೆಚೂರು ಹರವಿಕೊಂಡು ಕೂರಬೇಕು: ಬಾಯಂಚಿನವು ಒಂದು ಕಡೆ, ತಳದವು ಒಂದು ಕಡೆ, ಉಳಿದವು ಗುಡ್ಡೆ ಗುಡ್ಡೆ. ಒಂದೊಂದರ ಮೇಲೂ ಇಂಡಿಯನ್ ಇಂಕಿನಲ್ಲಿ ಗುಂಡಿಯ ಗುರುತು, ಪದರದ ಅಂಕಿ. ನನ್ನ ಅಕ್ಷರ ದುಂಡಗಿದ್ದುದರಿಂದ ಆ ಕೆಲಸ ನನ್ನ ಕೊರಳಿಗೇ ಬಿತ್ತು. ಬೇಸರವಾಗಲಿಲ್ಲ. ಚೂರು ತಿರುವಿದರೆ ಮಡಕೆ ತಟ್ಟಿದವರ ಬೆರಳಿನ ಗುರುತು ಸಿಗೋದು.

ಎರಡನೇ ವರ್ಷ ಒಂದು ಮನೆಯ ನೆಲ ಬಂತು. ಸಾರಿಸಿದ ಹಾಗೆ ಗಟ್ಟಿ. ಅದರಡಿ ಬೂದುಬಣ್ಣದ ಮಡಕೆ, ಒಳಗೆ ಕೂಸಿನ ಎಲುಬು. ನವಶಿಲಾಯುಗದವರು ಎಳೆಮಕ್ಕಳನ್ನು ಮಡಕೆಯಲ್ಲಿಟ್ಟು ಮನೆಯ ನೆಲದಡಿಯೇ ಹೂಳುತ್ತಿದ್ದರು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೆ. ಆಗ ನನ್ನ ಮಗಳಿಗೆ ಐದು ತಿಂಗಳು. ಮೇಲೆ ಹತ್ತಿ ಬಂದು, ನೀರು ಕುಡಿದು, ಮತ್ತೆ ಇಳಿದೆ. ಬುಟ್ಟಿ ಹೊರುವ ಹೆಂಗಸರು ಯಾರೂ ಹೇಳದೆಯೇ ಅವತ್ತು ಚಪ್ಪಲಿ ಮೇಲೆ ಬಿಟ್ಟು ಬಂದರು.

ಮೂರನೇ ವರ್ಷ ಅನುದಾನ ಬರಲಿಲ್ಲ. ‘ಕಾಯಂ ಮಾಡಸ್ತೀನಿ’ ಅಂದಿದ್ದವರು ವರ್ಗವಾಗಿ ಹೋದರು. ನಾನು ವಿಮೆ ಏಜೆಂಟನಾದೆ, ಮನೆ ಕಟ್ಟಿದೆ, ಊಟಕ್ಕೇನೂ ಕಡಿಮೆಯಾಗಿಲ್ಲ. ನೋಯುವುದು ಅದಲ್ಲ. ಆ ಉತ್ಖನನದ ವರದಿ ಇವತ್ತಿಗೂ ಅಚ್ಚಾಗಿಲ್ಲ. ಒಮ್ಮೆ ಅಗೆದ ನೆಲವನ್ನು ಇನ್ನೊಮ್ಮೆ ಅಗೆಯಲು ಬರೋದಿಲ್ಲ; ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ನಾವೇ ಅದನ್ನು ಹಾಳು ಮಾಡಿದ ಹಾಗೆ. ನನ್ನ ದುಂಡಕ್ಷರದ ಚೂರುಗಳು ಯಾವುದೋ ಗೋದಾಮಿನ ಗೋಣಿಚೀಲದಲ್ಲಿವೆ. ಆ ಕೂಸಿನ ಮಡಕೆ ಎಲ್ಲಿದೆಯೋ. ಮಗಳ ಮದುವೆಯಾಯಿತು, ಆಕೆಗೆ ಇದನ್ನು ಹೇಳಿಲ್ಲ.

ಹೋಗಬೇಡ ಅಂತ ಬರೆಯಲು ಕೂತವನು ನಾನು. ಇಲ್ಲಿತನಕ ಬರೆದಮೇಲೆ ಅದು ಬರೆಯಲಾಗುತ್ತಿಲ್ಲ. ತಂಗಿ, ಬರಿಗೈಯಲ್ಲಿ ಹೋಗಬೇಡ ಅಷ್ಟೆ. ಗುಂಡಿಯ ಗೋಡೆ ನೋಡಿ ಪದರದ ನಕ್ಷೆ ಬರೆಯಲು ಕಲಿ, ನೆಲ ಅಳೆಯುವ ಟೋಟಲ್ ಸ್ಟೇಷನ್ ಯಂತ್ರ ಕಲಿ, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್ ಕಲಿ. ಇವು ಬಂದರೆ ಉತ್ಖನನ ನಿಂತ ದಿನವೂ ಒಲೆ ಉರಿಯುತ್ತದೆ. ಕಲ್ಲಿನ ಜಾತಿ, ಮಣ್ಣಿನ ಗುಣ ನಿನಗೆ ಈಗಾಗಲೇ ಗೊತ್ತು. ಇತಿಹಾಸ ಓದಿ ಹೋದ ನನಗೆ ಅದು ತಲೆಗೆ ಹತ್ತಲು ಎರಡು ವರ್ಷ ಹಿಡಿಯಿತು. 1863ರಲ್ಲಿ ಚೆನ್ನೈ ಹತ್ತಿರದ ಪಲ್ಲಾವರಂನಲ್ಲಿ ಶಿಲಾಯುಗದ ಕಲ್ಲುಕೊಡಲಿಯನ್ನು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಭೂವಿಜ್ಞಾನಿಯೇ. ನಿಮ್ಮ ಕಡೆ ವಾಲಿಯ ಚಿತೆಯ ಬೂದಿ ಅನ್ನುತ್ತಾರಲ್ಲ, ಅಂಥ ಬೂದಿದಿಬ್ಬಗಳನ್ನು ದನದ ಸಗಣಿ ಸುಟ್ಟ ಬೂದಿ ಅಂದವನೂ ಆತನೇ. ಇನ್ನೊಂದು: ದಿನದ ಟಿಪ್ಪಣಿಯ ಒಂದು ಪ್ರತಿ ಯಾವಾಗಲೂ ನಿನ್ನ ಹತ್ತಿರ ಇರಲಿ.

ಅಪ್ಪನಿಗೆ ಹೇಗೆ ಹೇಳಬೇಕೋ ನನಗೆ ಗೊತ್ತಿಲ್ಲ. ನಮ್ಮಪ್ಪ ಸಾಯುವತನಕ ನಾನು ಸರ್ವೆ ಆಫೀಸಿನಲ್ಲಿದ್ದೆ ಅಂತಲೇ ತಿಳಿದಿದ್ದ.
— ಓದುಗರು, ಗದಗ

*

ಅಮೆರಿಕದ ಫೀನಿಕ್ಸ್ ನಗರದ ಅಡಿಯಲ್ಲಿ ಹೊಹೊಕಮ್ ಎಂಬ ಮೂಲನಿವಾಸಿಗಳು ತೋಡಿದ ಹಳೆಯ ಕಾಲುವೆಗಳಿವೆ. ಇಲ್ಲಿ 1966ರ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದ ದುಡ್ಡು ಅಥವಾ ಪರವಾನಗಿ ಇರುವ ಯಾವುದೇ ಕಾಮಗಾರಿಯೂ ಹಳೆಯ ನೆಲೆಗಳಿಗೆ ಏನಾಗುತ್ತದೆಂದು ಮೊದಲು ನೋಡಲೇಬೇಕು. ಹಾಗಾಗಿ ಇಲ್ಲಿನ ಪುರಾತತ್ವಜ್ಞರಲ್ಲಿ ಹೆಚ್ಚಿನವರು ಈ ಕೆಲಸ ಮಾಡಿಕೊಡುವ ಕಂಪನಿಗಳಲ್ಲಿದ್ದಾರೆ, ಪ್ರೊಫೆಸರುಗಳು ಕಡಿಮೆ. ಓದಲು ಇಲ್ಲಿಗೆ ಬನ್ನಿ.
— ಕನ್ನಡಿಗ, ಅರಿಜೋನಾ

ಕಾಯ್ದೆಯ ವಿಷಯ ನಮ್ಮವರೂ ಯೋಚಿಸಬೇಕಾದ್ದು. ಅರಿಜೋನಾ ಮಾತ್ರ ದೂರ. ಗಂಗಾವತಿಗೆ ಹಂಪಿ ಹತ್ತಿರ. — ಸಂ.

*

ಎಲ್ಲರೂ ಸಂಬಳದ ಮಾತಾಡ್ತೀರಿ. ಹೆಣ್ಣುಮಗಳ ಅಪ್ಪ ಮೊದಲು ಕೇಳೋದು ‘ರಾತ್ರಿ ಎಲ್ಲಿರ್ತೀ?’ ಅಂತ. ಅದಕ್ಕೆ ಉತ್ತರ ಇಟ್ಟುಕೊಂಡು ಮಾತು ಶುರು ಮಾಡು. ನನ್ನ ಮೊದಲ ಕ್ಯಾಂಪಿನಲ್ಲಿ ಹದಿನಾಲ್ಕು ಗಂಡಸರು, ನಾನೊಬ್ಬಳು, ಶೌಚಾಲಯ ಇಲ್ಲ. ಬುಟ್ಟಿ ಹೊರಲು ಬರುತ್ತಿದ್ದವಳ ಮನೆಯಲ್ಲಿ ನನಗೆ ಜಾಗ ಸಿಕ್ಕಿತು, ಪುಂಡಿಪಲ್ಯ ರೊಟ್ಟಿಯೂ ಸಿಕ್ಕಿತು. ಈಗ ಹುಡುಗಿಯರು ಹೆಚ್ಚು ಬರುತ್ತಿದ್ದಾರೆ, ಆದರೂ ಕ್ಯಾಂಪಿಗೆ ಹೆಸರು ಕೊಡುವ ಮುಂಚೆ ನೀರು, ಬಾಗಿಲಿನ ಚಿಲಕ, ಜೊತೆಗೆ ಯಾರು, ಇಷ್ಟನ್ನು ನಾಚಿಕೆಯಿಲ್ಲದೆ ಕೇಳು.

ಇಷ್ಟೆಲ್ಲ ಯಾಕೆ ಸಹಿಸಿದೆ ಅಂದರೆ, ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ‘ರಾಯ ಅಸೋಕೊ’ ಅನ್ನುವ ಬ್ರಾಹ್ಮಿ ಅಕ್ಷರಗಳನ್ನು ಯಾರ ಸಹಾಯವೂ ಇಲ್ಲದೆ ನಾನೇ ಕೂಡಿಸಿ ಓದಿದ ದಿನವೊಂದಿದೆ. ಮನೆಯಲ್ಲಿ ಹೇಳಿದರೆ ‘ಅಶೋಕ ಅಂದ್ರ ಯಾರ ಮಗ?’ ಅಂದರು.
— ಉಪನ್ಯಾಸಕಿ, ಕಲಬುರಗಿ

ಕೇಳಿದ ಪ್ರಶ್ನೆಗೇ ಪೂರ್ತಿ ಉತ್ತರ ಕೊಟ್ಟವರು ಇವರೊಬ್ಬರು: — ಸಂ.

*

ಮಗೂ, ನನ್ನದೂ ಅಂಗಡಿ, ಹಾರ್ಡ್‌ವೇರು. ಅಂಗಡಿಯವನ ಕಷ್ಟ ಹೇಳ್ತೀನಿ ಕೇಳು. ದಿನಕ್ಕೆ ನೂರು ಜನ ಬರ್ತಾರೆ, ಹತ್ತು ಜನ ‘ಮಗಳು ಏನ್ಮಾಡ್ತಿದಾಳೆ’ ಅಂತಾರೆ. ಚಿಲ್ಲರೆ ಎಣಿಸುತ್ತಾ ಒಂದೇ ಉಸಿರಲ್ಲಿ ಹೇಳೋ ಉತ್ತರ ಬೇಕು. ಬಿ.ಎಡ್. ಅಂದರೆ ಮುಗೀತು. ಪುರಾತತ್ವ ಅಂದರೆ ‘ಓಹೋ, ನಿಧಿ ತೆಗೆಯೋದಾ?’ ಅಂತ ಶುರುವಾಗುತ್ತೆ. ನಿಮ್ಮಪ್ಪನಿಗೆ ಬೇಕಾಗಿರೋದು ಆ ಒಂದು ವಾಕ್ಯ. ಅದನ್ನ ನೀನು ಮಾಡಿಕೊಡು.

ಹಿರೇಬೆಣಕಲ್ ಗುಡ್ಡ ನಿಮ್ಮ ತಾಲ್ಲೂಕಲ್ಲೇ ಇದೆ. ಸುಮಾರು 400 ಶಿಲಾಸಮಾಧಿ, 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿದೆ. ಅಂಗಡಿ ರಜಾ ಇರೋ ದಿನ ಅಪ್ಪನ್ನ ಕರ್ಕೊಂಡು ಹತ್ತು. ಆ ಸಮಾಧಿಗಳನ್ನ ಜನ ಮೊರೇರ ಮನೆ ಅಂತಾರಲ್ಲ, ಆ ಕಥೆ ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತಿರುತ್ತೆ. ಅವರು ಹೇಳಲಿ, ನೀನು ಕೇಳು. ಆಮೇಲೆ, ಅಷ್ಟು ದಪ್ಪ ಚಪ್ಪಡಿನ ಬಂಡೆಯಿಂದ ಹೇಗೆ ಸೀಳಿದರು ಅಂತ ನೀನು ಹೇಳು. ಬಿ.ಎಡ್. ಮಾತು ಇಳಿಯುವಾಗ ತೆಗಿ. ಹತ್ತುವಾಗ ನಮ್ಮ ವಯಸ್ಸಿನವರಿಗೆ ಉಸಿರೇ ಸಾಲಲ್ಲ, ಸುಮ್ಮನೆ ಸಿಟ್ಟು ಬರುತ್ತೆ.
— ಓದುಗರು, ದಾವಣಗೆರೆ

*

ನಮ್ಮದು ಸೊರಬ ತಾಲೂಕು. ಕೆರೆ ಏರಿ ಪಕ್ಕದಲ್ಲಿ ಬಟ್ಟೆ ಒಗೆಯೋ ಕಲ್ಲು ಒಂದಿದೆ. ಅದರಲ್ಲಿ ಕೆತ್ತಿರೋ ಚಿತ್ರದಲ್ಲಿ ಕೆಳಗಡೆ ದನ ಹೊಡ್ಕೊಂಡು ಹೋಗೋರ ಜೊತೆ ಒಬ್ಬ ಹೊಡೆದಾಡ್ತಿದಾನೆ, ನಡುವೆ ಹೆಂಗಸರು ಅವನ್ನ ಮೇಲಕ್ಕೆ ಕರ್ಕೊಂಡು ಹೋಗ್ತಿದಾರೆ, ಮೇಲೆ ಲಿಂಗ. ಪಟ್ಟಿ ಮೇಲೆ ಅಕ್ಷರ ಇದೆ. ಅದು ನಮ್ಮೂರ ಯಾರ ಹೆಸರೋ ಯಾರಿಗೂ ಓದಕ್ಕೆ ಬರಲ್ಲ. ಹೋದ ವರ್ಷ ನಿಧಿಗಳ್ಳರು ಪಕ್ಕದ ಇನ್ನೊಂದು ಕಲ್ಲಿನ ಬುಡ ಅಗೆದು ಅದನ್ನ ಎರಡು ತುಂಡು ಮಾಡಿ ಹೋದರು. ಆ ಹುಡುಗಿ ಅದೇನೋ ಓದ್ತೀನಿ ಅಂದಿದಾಳಲ್ಲ, ಓದಿ ಮುಗಿಸಿ ನಮ್ಮೂರಿಗೆ ಬರಲಿ. ಅಲ್ಲೀವರೆಗೆ ಕಲ್ಲು ಮಗುಚಿ ಹಾಕಿದೀವಿ, ಅಕ್ಷರ ಅಡಿಗಿದ್ರೆ ಸವೆಯಲ್ಲ. ಬಟ್ಟೆಗೆ ಅದರ ಬೆನ್ನು ಸಾಕು.
— ಕೃಷಿಕರು, ಸೊರಬ

ಊರಿನ ಹೆಸರು, ವಿಳಾಸವನ್ನು ವಿದ್ಯಾರ್ಥಿನಿಗೆ ಅಂಚೆಯಲ್ಲಿ ಕಳಿಸಿದ್ದೇವೆ. — ಸಂ.